ಹೆಸರು ನೋಡಿ ಸೀಟು ಬುಕ್ ಮಾಡಬೇಡಿ, ಹಳಿ ನೋಡಿ ಮಾಡಿ (ಸ್ವಿಸ್ ಟ್ರೈನ್ ಪ್ಲಾನ್‌ಗೆ ಉತ್ತರ)

ನೀವು ಇಲ್ಲಿ ಹಾಕಿರುವ ಸ್ವಿಟ್ಜರ್ಲೆಂಡ್ ಟ್ರೈನ್ ಪ್ಲಾನ್ ನೋಡಿ ಸುಮ್ನೆ ಇರಲು ಮನಸ್ಸಾಗಲಿಲ್ಲ. ನಿಮ್ಮ ಪ್ಲಾನ್ ಇದು: ಮೊದಲ ದಿನ ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ಎಂಬ ಪ್ರವಾಸಿ ಗಾಡಿ. ಮರುದಿನ ಬೆಳಿಗ್ಗೆ ಕೂರ್‌ಗೆ ವಾಪಸ್, ಅಲ್ಲಿಂದ ಬೆರ್ನಿನಾ ಎಕ್ಸ್‌ಪ್ರೆಸ್ ಹಿಡಿದು ತಿರಾನೊ. ಜೊತೆಗೆ ವಯಸ್ಸಾದ ಅಪ್ಪ ಅಮ್ಮ. 2019ರಲ್ಲಿ ನಾನು ಮಾಡಿದ್ದೂ ಇದನ್ನೇ. ದುಡ್ಡು ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ.

ಮ್ಯಾಪ್ ತೆಗೆದು ನೋಡಿ. ಕೂರ್ ಮತ್ತು ಸೇಂಟ್ ಮೊರಿಟ್ಜ್ ನಡುವೆ ಥೂಸಿಸ್, ಫಿಲಿಸೂರ್, ಪ್ರೆಡಾ ಊರುಗಳಿವೆ. ಈ ಅಲ್ಬುಲಾ ಲೈನಿನ ಮೇಲೆಯೇ ಎರಡೂ ಗಾಡಿಗಳು ಹೋಗುವುದು. ಅಂದರೆ ಗ್ಲೇಸಿಯರ್‌ನಲ್ಲಿ ಬರುವಾಗ ಒಂದು ಸಲ, ಕೂರ್‌ಗೆ ವಾಪಸ್ ಹೋಗುವಾಗ ಇನ್ನೊಂದು ಸಲ, ಬೆರ್ನಿನಾದಲ್ಲಿ ಮತ್ತೊಂದು ಸಲ. ಎರಡು ದಿನದಲ್ಲಿ ಮೂರು ಸಲ ಅದೇ ದಾರಿ! ಮೂರನೇ ಸಲ ಲಾಂಡ್‌ವಾಸರ್ ಸೇತುವೆ ಬಂದಾಗ ನಮ್ಮಪ್ಪ "ಇದು ನಿನ್ನೆ ನೋಡಿದ್ದೇ ಅಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ ಎರಡು ದೊಡ್ಡ ಹೆಸರು ಸೇರಿಸಿ ಪ್ಯಾಕೇಜ್ ಮಾಡಿದ್ದರು, ನಾನೂ ಹೆಸರನ್ನೇ ನೋಡಿದ್ದೆ.

ಇನ್ನೊಂದು ವಿಷಯ, ಗ್ಲೇಸಿಯರ್ ಎಕ್ಸ್‌ಪ್ರೆಸ್ ಹತ್ತಿದರೆ ಹೆಸರಿಗೆ ಕಾರಣವಾದ ಹಿಮನದಿ ಕಾಣುವುದಿಲ್ಲ. 1930ರಲ್ಲಿ ಶುರುವಾದಾಗ ಗಾಡಿ ಫುರ್ಕಾ ಬೆಟ್ಟ ಹತ್ತಿ ಹೋಗುತ್ತಿತ್ತು, ರೋನ್ ಹಿಮನದಿ ಕಾಣುತ್ತಿತ್ತು. 1982ರಲ್ಲಿ 15 ಕಿ.ಮೀ. ಉದ್ದದ ಫುರ್ಕಾ ಸುರಂಗ ತೆರೆದ ಮೇಲೆ ಆ ಭಾಗ ಪೂರ್ತಿ ಕತ್ತಲು. ಆ ಹಳೇ ಬೆಟ್ಟದ ಹಳಿಯನ್ನು ಹವ್ಯಾಸಿಗಳು ಉಳಿಸಿಕೊಂಡಿದ್ದಾರೆ. ಬೇಸಿಗೆಯಲ್ಲಿ ರೆಆಲ್ಪ್‌ನಿಂದ ಓಬರ್‌ವಾಲ್ಡ್‌ಗೆ ಉಗಿಬಂಡಿ ಓಡಿಸುತ್ತಾರೆ. ಅವರ ಕೆಲವು ಇಂಜಿನ್‌ಗಳು ವಿಯೆಟ್ನಾಂಗೆ ಮಾರಾಟವಾಗಿ ಹೋಗಿದ್ದವು, 1990ರಲ್ಲಿ ಹುಡುಕಿ ವಾಪಸ್ ತಂದರು. ಊಟಿ ಗಾಡಿಯ ಅಭಿಮಾನಿಗಳು ಇದನ್ನು ಬಿಡಲೇಬಾರದು. ಅಲ್ಲಿಯೂ ನಮ್ಮ ನೀಲಗಿರಿಯ ಹಾಗೆ ಆಬ್ಟ್ ಹಲ್ಲುಹಳಿಯೇ (ಇಂಜಿನ್ನಿನ ಹಲ್ಲಿನ ಚಕ್ರ ಕಚ್ಚಿಕೊಂಡು ಹತ್ತುವ ನಡುವಿನ ಹಳಿ). ನೀಲಗಿರಿಯ ಹಳೇ ಎಕ್ಸ್ ಕ್ಲಾಸ್ ಇಂಜಿನ್‌ಗಳನ್ನು ಕಟ್ಟಿದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ನ ಎಸ್‌ಎಲ್‌ಎಂ ಕಾರ್ಖಾನೆಯಲ್ಲಿ.

ಗ್ಲೇಸಿಯರ್ ಎಕ್ಸ್‌ಪ್ರೆಸ್‌ನಲ್ಲಿ ಎಂಟು ಗಂಟೆ ಒಂದೇ ಸೀಟು. ಅದು ಹಿರಿಯರಿಗೆ ಜಾಸ್ತಿ ಆಯಿತು. ಆಂಡರ್‌ಮಾಟ್ ದಾಟಿ 2033 ಮೀಟರ್‌ನ ಓಬರ್‌ಆಲ್ಪ್ ಘಾಟ್ ಹತ್ತುವ ಹೊತ್ತಿಗೆ ನಮ್ಮಮ್ಮ ನಿದ್ದೆ ಹೋಗಿದ್ದರು. ಪನೋರಮಾ ಬೋಗಿಯ ಗಾಜು ತೆರೆಯಲು ಬರುವುದಿಲ್ಲ. ಬಿಸಿಲು ಬಿದ್ದರೆ ಎದುರು ಸೀಟಿನವರ ಬಿಳಿ ಅಂಗಿಯೇ ನಿಮ್ಮ ಫೋಟೋದಲ್ಲಿ ಬರುತ್ತದೆ. ಪ್ರತಿಫಲನ ತಗ್ಗಿಸಲು ಪೋಲರೈಜರ್ ಫಿಲ್ಟರ್ ಹಾಕಿದರೆ ಗಾಜಿನಲ್ಲಿ ಕಾಮನಬಿಲ್ಲಿನ ಪಟ್ಟೆಗಳು ಏಳಬಹುದು. ಲೆನ್ಸಿಗೆ ರಬ್ಬರ್ ಹುಡ್ ಹಾಕಿ ಗಾಜಿಗೆ ಒತ್ತಿ ಹಿಡಿಯಿರಿ, ಕಪ್ಪು ಅಂಗಿ ತೊಡಿ. ಹುಡ್ ಯಾವ ಬ್ರ್ಯಾಂಡ್ ಆದರೂ ನಡೆಯುತ್ತದೆ, ಕ್ಯಾನನ್, ನಿಕಾನ್ ಹೆಸರಿಗೆ ಜಾಸ್ತಿ ದುಡ್ಡು ಸುರಿಯಬೇಡಿ.

ಈಗ ನಾನು ಎರಡನೇ ಸಲ ಹೋದಾಗ ಮಾಡಿದ್ದು ಹೇಳುತ್ತೇನೆ. ಸೇಂಟ್ ಮೊರಿಟ್ಜ್‌ನಿಂದ ತಿರಾನೊಗೆ ಗಂಟೆಗೊಂದರಂತೆ ಮಾಮೂಲಿ ಗಾಡಿ ಇದೆ. ಬೆರ್ನಿನಾ ಎಕ್ಸ್‌ಪ್ರೆಸ್ ಹೋಗುವ ಅದೇ ಹಳಿ, ಅದೇ ಬೆಟ್ಟ, ಸುಮಾರು ಎರಡೂವರೆ ಗಂಟೆ. ರಿಸರ್ವೇಶನ್ ಬೇಡ. ಹಳೇ ಬೋಗಿ ಸಿಕ್ಕರೆ ಕಿಟಕಿಯ ಮೇಲಿನ ಗಾಜು ಕೆಳಗೆ ಜಾರುತ್ತದೆ. ಎರಡೂ ಹಿಡಿ ಹಿಡಿದು ಎಳೆದೆ. ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಲಾಗೊ ಬಿಯಾಂಕೊ ಕೆರೆ ಬಲಗಡೆ, ಕೈಗೆ ಸಿಗುವಷ್ಟು ಹತ್ತಿರ, ಹಾಲು ಬೆರೆಸಿದ ಹಾಗೆ ಮಸುಕು ಬಣ್ಣದ ನೀರು. ಓಸ್ಪಿಜಿಯೋ ಬೆರ್ನಿನಾ 2253 ಮೀಟರ್ ಎತ್ತರದಲ್ಲಿದೆ. ಇಲ್ಲಿಗೆ ಹಲ್ಲುಹಳಿ ಇಲ್ಲದೆ, ಬರೀ ಚಕ್ರದ ಹಿಡಿತದಲ್ಲೇ ಹತ್ತುತ್ತಾರೆ. ಏರು 7 ಪರ್ಸೆಂಟ್, ಅಂದರೆ 14 ಮೀಟರ್‌ಗೆ 1 ಮೀಟರ್. ನಮ್ಮ ಸಕಲೇಶಪುರ ಘಾಟ್ 50ಕ್ಕೆ 1, ಅಲ್ಲೇ ಇಂಜಿನ್‌ಗಳು ಎಷ್ಟು ಏದುಸಿರು ಬಿಡುತ್ತವೆ ಅಂತ ನಿಮಗೇ ಗೊತ್ತು.

ಮುಂದಿನ ಆಲ್ಪ್ ಗ್ರ್ಯೂಮ್‌ನಲ್ಲಿ ಇಳಿದುಬಿಡಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ! ಸ್ಟೇಷನ್ ಎದುರಿಗೇ ಪಾಲು ಎಂಬ ಹೆಸರಿನ ಹಿಮನದಿ. ಬೆಂಚಿನ ಮೇಲೆ ಕುಳಿತರೆ ಕೆಳಗೆ ಕಣಿವೆಯಲ್ಲಿ ಕೆಂಪು ಗಾಡಿ ಸುತ್ತಿ ಸುತ್ತಿ ಇಳಿಯುವುದು ಕಾಣುತ್ತದೆ. ಅಪ್ಪ ಅಮ್ಮ ಕಾಫಿ ಕುಡಿದು ಕಾಲು ಚಾಚಿ ಕುಳಿತರು. ಒಂದು ಗಂಟೆ ಬಿಟ್ಟು ಮುಂದಿನ ಗಾಡಿ. ಎಕ್ಸ್‌ಪ್ರೆಸ್‌ನಲ್ಲಿ ಬಂದಿದ್ದರೆ ಹೀಗೆ ಬೇಕಾದಾಗ ಇಳಿದು ಹತ್ತಲು ಆಗುತ್ತಿರಲಿಲ್ಲ, ಸೀಟು ಒಂದೇ ಗಾಡಿಗೆ ಕಟ್ಟಿಹಾಕಿರುತ್ತದೆ.

ಕೆಲವು ಎಚ್ಚರಿಕೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೂ ಗ್ಲೇಸಿಯರ್, ಬೆರ್ನಿನಾ ಎಕ್ಸ್‌ಪ್ರೆಸ್ ಎರಡಕ್ಕೂ ಸೀಟಿನ ದುಡ್ಡು ಬೇರೆ, ಅದೂ ಕಡ್ಡಾಯ. ಮಾಮೂಲಿ ಗಾಡಿಗೆ ಪಾಸ್ ಒಂದೇ ಸಾಕು. ತಿರಾನೊ ಇಟಲಿಯಲ್ಲಿದೆ, ಆದರೂ ಪಾಸ್ ಅಲ್ಲಿವರೆಗೂ ನಡೆಯುತ್ತದೆ. ಪಾಸ್‌ಪೋರ್ಟ್ ಮಾತ್ರ ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ಸಣ್ಣ ಸ್ಟೇಷನ್‌ಗಳಲ್ಲಿ ಗುಂಡಿ ಒತ್ತಿದರೆ ಮಾತ್ರ ಗಾಡಿ ನಿಲ್ಲುತ್ತದೆ, ಒತ್ತದೆ ಕುಳಿತು ಆಮೇಲೆ ಗಾಬರಿಯಾಗಬೇಡಿ. ಕೂರ್‌ನಿಂದ ಬರುವುದಾದರೆ ಬಲಗಡೆ ಕುಳಿತುಕೊಳ್ಳಿ. ಲಾಂಡ್‌ವಾಸರ್ ಸೇತುವೆ 65 ಮೀಟರ್ ಎತ್ತರ, ಬಾಗುತ್ತಾ ಹೋಗಿ ನೇರ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. ಎಡಗಡೆ ಕುಳಿತವರಿಗೆ ಆ ಬಾಗು ಸಿಗುವುದಿಲ್ಲ. ಟೈಮ್ ನೋಡಲು ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್ ಒಂದೇ ಸಾಕು, ಬೇರೆ ಯಾವುದನ್ನೂ ನಂಬಬೇಡಿ.

ಹಾಗೆಯೇ ಗೊಟಾರ್ಡ್ ದಾರಿಯಲ್ಲಿ ಲುಗಾನೊಗೆ ಹೋಗುವವರು ಕೇಳಿ. 2016ರ ನಂತರ ವೇಗದ ಗಾಡಿಗಳು 57 ಕಿ.ಮೀ. ಉದ್ದದ ಹೊಸ ಸುರಂಗದೊಳಗೆ ಹೋಗುತ್ತವೆ, ಬೆಟ್ಟ ಕಾಣದು. ಆ್ಯಪ್‌ನಲ್ಲಿ ಗೋಶೆನೆನ್ ಮೂಲಕ ಅಂತ ಹಾಕಿದರೆ ಹಳೇ ಬೆಟ್ಟದ ದಾರಿಯಲ್ಲಿ ಹೋಗುವ ಟ್ರೆನೊ ಗೊಟಾರ್ಡೊ ಎಂಬ ಗಾಡಿ ಸಿಗುತ್ತದೆ. ವಾಸೆನ್ ಊರಿನ ಚರ್ಚು ಮೂರು ಸಲ, ಮೂರು ಬೇರೆ ಬೇರೆ ಎತ್ತರದಿಂದ ಕಾಣುವುದು ಅಲ್ಲೇ.

ನಿಮ್ಮ ಪ್ಲಾನ್‌ಗೆ ನಾನು ಹೇಳುವುದು ಇಷ್ಟು. ಗ್ಲೇಸಿಯರ್ ಬೇಕೇ ಬೇಕು ಅಂದರೆ ಅದನ್ನು ಇಟ್ಟುಕೊಳ್ಳಿ, ರಾತ್ರಿ ಸೇಂಟ್ ಮೊರಿಟ್ಜ್‌ನಲ್ಲೇ ಉಳಿಯಿರಿ. ಬೆಳಿಗ್ಗೆ ಕೂರ್‌ಗೆ ವಾಪಸ್ ಹೋಗುವುದು ಬಿಟ್ಟು, ಸೇಂಟ್ ಮೊರಿಟ್ಜ್‌ನಿಂದಲೇ ತಿರಾನೊ ಕಡೆಗೆ ಮಾಮೂಲಿ ಗಾಡಿ ಹತ್ತಿ. ಇನ್ನೂ ಬುಕ್ ಮಾಡಿಲ್ಲ ಅಂದರೆ ತಾರೀಕು ಇಲ್ಲೇ ಹಾಕಿ, ಯಾವ ಗಾಡಿಯಿಂದ ಯಾವ ಗಾಡಿಗೆ ಅಂತ ಕುಳಿತು ಬರೆದುಕೊಡುತ್ತೇನೆ.