ಅಮಿಗಾ 1200ರ ವರ್ಕ್‌ಬೆಂಚ್ ಚೆಂದ ಮಾಡಬೇಕಾ? ಬಣ್ಣದ ಲೆಕ್ಕದಿಂದ ಶುರು ಮಾಡಿ

ನಿಮ್ಮ ಹತ್ತಿರ ಇರುವುದು ಅಮಿಗಾ 1200 ಅನ್ನುವ ಹಳೆಯ ಕಂಪ್ಯೂಟರ್, ಅದರ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚ್ 3.1, ಹೆಚ್ಚುವರಿ ರ‍್ಯಾಮ್ ಇಲ್ಲ. ಬೂದು ಬಣ್ಣ ಬೇಜಾರಾಯಿತು ಅಂತ ಸ್ಕ್ರೀನನ್ನು 256 ಬಣ್ಣಕ್ಕೆ ಏರಿಸಿದ್ದೀರಿ. ಹಿನ್ನೆಲೆಗೆ ಫೋಟೊ ಹಾಕಿದ್ದೀರಿ. ಹಳೆಯ ಫ್ಲಾಪಿಗಳಿಂದ ಐಕಾನ್‌ಗಳನ್ನೂ ತಂದಿದ್ದೀರಿ. ಈಗ ವಿಂಡೋ ತೆರೆಯಲು ತಡವಾಗುತ್ತಿದೆ, ಐಕಾನ್‌ಗಳು ನೆಗೆಟಿವ್ ಥರ ಕಾಣುತ್ತಿವೆ, ಅವುಗಳ ಕೆಳಗಿನ ಹೆಸರು ಓದಲು ಆಗುತ್ತಿಲ್ಲ. ಎಲ್ಲಿಂದ ಸರಿಮಾಡಲಿ ಅಂತ ಕೇಳಿದ್ದೀರಿ.

ಮೊದಲು ಸ್ಕ್ರೀನ್‌ಮೋಡ್ ಪ್ರೆಫ್ಸ್ (ಸ್ಕ್ರೀನಿನ ಸೆಟ್ಟಿಂಗ್) ತೆರೆದು 8 ಬಣ್ಣಕ್ಕೆ ಇಳಿಸಿ. ನಿಮ್ಮ ತೊಂದರೆಯ ಮುಕ್ಕಾಲು ಭಾಗ ಅಲ್ಲೇ ಮುಗಿಯುತ್ತದೆ.

ಯಾಕೆ ಅಂತ ಹೇಳುತ್ತೇನೆ. ಅಮಿಗಾ ಚಿತ್ರವನ್ನು ಬಿಟ್‌ಪ್ಲೇನ್‌ಗಳಾಗಿ ಇಟ್ಟುಕೊಳ್ಳುತ್ತದೆ. ಒಂದೊಂದು ಪ್ಲೇನೂ ಪ್ರತಿ ಪಿಕ್ಸೆಲ್‌ಗೆ ಒಂದು ಬಿಟ್ ಕೊಡುತ್ತದೆ. 4 ಬಣ್ಣಕ್ಕೆ 2 ಪ್ಲೇನ್ ಸಾಕು, 8 ಬಣ್ಣಕ್ಕೆ 3 ಬೇಕು, 256ಕ್ಕೆ 8 ಬೇಕು. 640×256 ಸ್ಕ್ರೀನಿನಲ್ಲಿ ಒಂದು ಪ್ಲೇನ್ ಅಂದರೆ 20 ಕೆಬಿ. 8 ಬಣ್ಣಕ್ಕೆ 60 ಕೆಬಿ ಆದರೆ 256 ಬಣ್ಣಕ್ಕೆ 160 ಕೆಬಿ ಆಗುತ್ತದೆ. ಇದು ಬರೀ ಜಾಗದ ಮಾತಲ್ಲ. ವಿಂಡೋ ತೆರೆದಾಗ, ಅಕ್ಷರ ಮೇಲಕ್ಕೆ ಸರಿದಾಗ ಚಿತ್ರದ ತುಂಡುಗಳನ್ನು ನಕಲಿಸುವ ಬ್ಲಿಟರ್ ಅನ್ನುವ ಹಾರ್ಡ್‌ವೇರ್ ಅಷ್ಟೂ ಪ್ಲೇನ್‌ಗಳನ್ನು ಮುಟ್ಟಬೇಕು. ಇದೆಲ್ಲ ನಡೆಯುವುದು ಗ್ರಾಫಿಕ್ಸ್ ಚಿಪ್‌ಗಳು ಬಳಸುವ 2 ಎಂಬಿ ಚಿಪ್ ರ‍್ಯಾಮ್‌ನಲ್ಲಿ. ಪ್ರೊಸೆಸರ್‌ಗೇ ಮೀಸಲಾದ ಫಾಸ್ಟ್ ರ‍್ಯಾಮ್ ಇಲ್ಲದ ಕಾರಣ ನಿಮ್ಮ ಪ್ರೊಸೆಸರ್ ಕೂಡ ಅದೇ ಚಿಪ್ ರ‍್ಯಾಮ್‌ಗೆ ಸರದಿ ನಿಲ್ಲಬೇಕು. ನಿಮ್ಮ ಮಷಿನ್‌ನ ಎಜಿಎ ಗ್ರಾಫಿಕ್ಸ್ ಚಿಪ್‌ಗಳು 1.6 ಕೋಟಿಗೂ ಜಾಸ್ತಿ ಬಣ್ಣಗಳಿಂದ ಆರಿಸಿಕೊಳ್ಳಲು ಬಿಡುತ್ತವೆ ಅನ್ನುವುದು ನಿಜ. ಆ ಸಿರಿಯನ್ನು ಎಂಟೇ ಬಣ್ಣ ಆರಿಸುವುದಕ್ಕೆ ಬಳಸಿ. ಚೆನ್ನಾಗಿ ಆರಿಸಿದ ಎಂಟು ಬಣ್ಣ ಎಷ್ಟು ಸೊಗಸಾಗಿ ಕಾಣುತ್ತದೆ ಅಂದರೆ, ನಾನಂತೂ ಬೇರೆ ಕಡೆ ಹೋಗುವ ಮನಸ್ಸೇ ಮಾಡಿಲ್ಲ.

ಇನ್ನು ಐಕಾನ್ ವಿಷಯ. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಉದ್ದ ಬರೆಯುತ್ತೇನೆ. ಹಳೆಯ ಐಕಾನ್ ಫೈಲಿನಲ್ಲಿ ಬಣ್ಣವೇ ಇರುವುದಿಲ್ಲ, ಪೆನ್ ನಂಬರ್ ಮಾತ್ರ ಇರುತ್ತದೆ. ಮಕ್ಕಳ ಪುಸ್ತಕದಲ್ಲಿ ಅಂಕಿ ನೋಡಿ ಬಣ್ಣ ತುಂಬುವ ಚಿತ್ರ ಇರುತ್ತದಲ್ಲ, ಹಾಗೆ. ಯಾವ ಅಂಕಿಗೆ ಯಾವ ಬಣ್ಣ ಅನ್ನುವುದನ್ನು ಸ್ಕ್ರೀನಿನ ಪ್ಯಾಲೆಟ್ ಹೇಳುತ್ತದೆ. ವರ್ಕ್‌ಬೆಂಚ್ 1.3ರಲ್ಲಿ ಪೆನ್ 0 ನೀಲಿ, 1 ಬಿಳಿ, 2 ಕಪ್ಪು, 3 ಕಿತ್ತಳೆ. 1990ರಲ್ಲಿ ಅಮಿಗಾ 3000 ಜೊತೆ 2.0 ಬಂದಾಗ ಇದು ಬದಲಾಯಿತು: 0 ಬೂದು, 1 ಕಪ್ಪು, 2 ಬಿಳಿ, 3 ನೀಲಿ. ಕಪ್ಪು ಬಿಳಿ ಎರಡೂ ಜಾಗ ಬದಲಿಸಿಕೊಂಡವು ನೋಡಿ. ನಿಮ್ಮ ಫ್ಲಾಪಿಯ ಐಕಾನ್‌ಗಳು 1.3 ಕಾಲದವು, ಅದಕ್ಕೇ ನೆಗೆಟಿವ್ ಥರ ಕಾಣುತ್ತಿವೆ. ಅವು ಹಾಳಾಗಿಲ್ಲ. ಟೂಲ್ಸ್ ಡ್ರಾಯರ್‌ನಲ್ಲಿರುವ (ಡ್ರಾಯರ್ ಅಂದರೆ ಫೋಲ್ಡರ್) ಐಕಾನ್‌ಎಡಿಟ್‌ನಲ್ಲಿ ತೆರೆಯಿರಿ. ಅದರಲ್ಲಿ ರೀಕಲರ್ ಅಂತ ಒಂದು ಆಯ್ಕೆ ಇದೆ, ಪೆನ್ 1 ಮತ್ತು 2ನ್ನು ಅದಲುಬದಲು ಮಾಡುತ್ತದೆ. ಸೇವ್ ಮಾಡಿದರೆ ಆಯಿತು. ಕ್ಲಿಕ್ ಮಾಡಿದಾಗ ಕಾಣುವ ಎರಡನೇ ಚಿತ್ರವನ್ನೂ ಒಮ್ಮೆ ನೋಡಿಕೊಳ್ಳಿ.

ಎಂಟು ಬಣ್ಣ ಅಂದಮೇಲೆ ಮ್ಯಾಜಿಕ್‌ಡಬ್ಲ್ಯೂಬಿ ಹೆಸರು ಹೇಳಲೇಬೇಕು. ಮಾರ್ಟಿನ್ ಹುಟೆನ್‌ಲೋಹರ್ ಮಾಡಿದ ಐಕಾನ್ ಸೆಟ್ ಅದು. ಅಮಿಗಾದ ಮಂದಿ ವರ್ಷಗಟ್ಟಲೆ ಅದೇ ಪ್ಯಾಲೆಟ್‌ಗೆ ಐಕಾನ್ ಬಿಡಿಸಿದರು. ಹಾಗಾಗಿ ಆ ಎಂಟು ಬಣ್ಣ ಇಟ್ಟುಕೊಂಡರೆ ಲೆಕ್ಕವಿಲ್ಲದಷ್ಟು ಐಕಾನ್‌ಗಳು ನಿಮ್ಮ ಸ್ಕ್ರೀನಿಗೆ ಸುಮ್ನೆ ಹೊಂದಿಕೊಳ್ಳುತ್ತವೆ. ಕೆಂಪು-ಹಸಿರು-ನೀಲಿ ಅಳತೆಯಲ್ಲಿ ಬಣ್ಣಗಳು ಇವು: ಪೆನ್ 0 ಬೂದು, ಮೂರೂ 149. ಪೆನ್ 1 ಕಪ್ಪು, 2 ಬಿಳಿ. ಪೆನ್ 3 ನೀಲಿ, 59-103-162. ಪೆನ್ 4 ಕಡು ಬೂದು, ಮೂರೂ 123. ಪೆನ್ 5 ತಿಳಿ ಬೂದು, ಮೂರೂ 175. ಪೆನ್ 6 ಮಣ್ಣಿನ ಬಣ್ಣ, 170-144-124. ಪೆನ್ 7 ನಸುಗೆಂಪು, 255-169-151. ಮೂರು ಬೂದು ಯಾಕೆ ಅಂತ ಅನ್ನಿಸಬಹುದು. ಅಂಚಿನ ನೆರಳು, ಉಬ್ಬು, ಮೃದುವಾದ ತಿರುವು ಎಲ್ಲ ಬರುವುದು ಆ ಬೂದುಗಳಿಂದಲೇ. ಗಾಢ ಬಣ್ಣ ತುಂಬಿದ್ದರೆ ಈ ಹದ ಸಿಗುತ್ತಿರಲಿಲ್ಲ.

ಒಂದು ಮಾತು. ಈ ಐಕಾನ್‌ಗಳನ್ನು 640×512 ಇಂಟರ್‌ಲೇಸ್ ಮೋಡ್‌ಗೆ (ಒಂದು ಬಿಟ್ಟು ಒಂದು ಸಾಲನ್ನು ಸರದಿಯಂತೆ ತೋರಿಸುವ ಮೋಡ್) ಬಿಡಿಸಿದ್ದು. 640×256ರಲ್ಲಿ ಪಿಕ್ಸೆಲ್ ಉದ್ದಕ್ಕೆ ಎಳೆದಂತಿರುವುದರಿಂದ ಐಕಾನ್‌ಗಳು ಸಣಕಲಾಗಿ ಕಾಣುತ್ತವೆ. ಇಂಟರ್‌ಲೇಸ್ ಹಾಕಿದರೆ ಆಕಾರ ಸರಿಹೋಗುತ್ತದೆ, ಆದರೆ ಸ್ಕ್ರೀನ್ ಮಿನುಗುತ್ತದೆ, ಪ್ಲೇನಿನ ಅಳತೆಯೂ 40 ಕೆಬಿ ಆಗುತ್ತದೆ. ಮೇಲಿನ ಬೂದುಗಳು ಒಂದಕ್ಕೊಂದು ಹತ್ತಿರ ಇರುವುದರಿಂದ ಮಿನುಗು ಕಡಿಮೆ ಕಾಣುತ್ತದೆ, ಅದೊಂದು ಲಾಭ. ಮಿನುಗದ ಡಬಲ್‌ಪ್ಯಾಲ್ ಮೋಡ್ ನಿಮ್ಮ ಮಷಿನ್‌ನಲ್ಲಿದೆ, ಆದರೆ ಎಲ್ಲ ಮಾನಿಟರೂ ಅದನ್ನು ತೋರಿಸುವುದಿಲ್ಲ.

ಹಿನ್ನೆಲೆಯ ಫೋಟೊ ತೆಗೆದುಬಿಡಿ. ಎಂಟು ಪೆನ್‌ನಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲ, ಚಿಪ್ ರ‍್ಯಾಮ್ ಕೂಡ ತಿನ್ನುತ್ತದೆ. ಡಬ್ಲ್ಯೂಬಿಪ್ಯಾಟರ್ನ್ ಪ್ರೆಫ್ಸ್‌ಗೆ ಚಿಕ್ಕ ಚಿತ್ರ ಕೊಟ್ಟರೆ ಅದನ್ನೇ ಮತ್ತೆ ಮತ್ತೆ ಜೋಡಿಸಿ ಇಡೀ ಸ್ಕ್ರೀನ್ ತುಂಬಿಸುತ್ತದೆ. ಡೀಲಕ್ಸ್ ಪೇಂಟ್‌ನಲ್ಲಿ ಇದೇ ಎಂಟು ಬಣ್ಣದ ಪ್ಯಾಲೆಟ್ ಇಟ್ಟು, ಪೆನ್ 0 ಮತ್ತು 4 ಮಾತ್ರ ಬಳಸಿ ಒಂದು ತುಂಡು ಬಿಡಿಸಿ. ಕಲ್ಲಿನ ಮೈಯಂತೆ ಸಣ್ಣ ಸಣ್ಣ ಚುಕ್ಕೆಗಳಿದ್ದರೆ ಸಾಕು. 32×32 ಪಿಕ್ಸೆಲ್ ಧಾರಾಳವಾಯಿತು. ಸಿಸ್ಟಮ್ ಜೊತೆ ಬರುವ ಡೇಟಾಟೈಪ್ (ಫೈಲ್ ಓದಿಕೊಡುವ ಭಾಗ) ಡೀಲಕ್ಸ್ ಪೇಂಟ್ ಸೇವ್ ಮಾಡುವ ಐಎಲ್‌ಬಿಎಂ ಚಿತ್ರವನ್ನು ಓದುತ್ತದೆ, ಆದ್ದರಿಂದ ಬೇರೇನೂ ಹಾಕಬೇಕಿಲ್ಲ. ಹಿನ್ನೆಲೆ ಅಂದರೆ ಹಿಂದೆ ಇರಬೇಕು, ಐಕಾನ್ ಜೊತೆ ಜಗಳಕ್ಕೆ ನಿಲ್ಲಬಾರದು, ಅಲ್ವಾ?

ಹೆಸರು ಓದಲು ಆಗದಿರುವುದಕ್ಕೆ ಮದ್ದು ಫಾಂಟ್ ಪ್ರೆಫ್ಸ್‌ನಲ್ಲಿದೆ. ವರ್ಕ್‌ಬೆಂಚ್ ಐಕಾನ್ ಟೆಕ್ಸ್ಟ್ ಆರಿಸಿ, ಬರೀ ಟೆಕ್ಸ್ಟ್ ಬದಲು ಟೆಕ್ಸ್ಟ್ ಜೊತೆ ಫೀಲ್ಡ್ ಅನ್ನುವುದನ್ನು ಹಾಕಿ. ಆಗ ಅಕ್ಷರದ ಹಿಂದೆ ಒಂದು ಪಟ್ಟಿ ಬರುತ್ತದೆ, ಹಿನ್ನೆಲೆ ಏನೇ ಇದ್ದರೂ ಹೆಸರು ಕಾಣುತ್ತದೆ.

ಮೌಸ್ ಪಾಯಿಂಟರ್ ಅನ್ನು ಮನಸ್ಸಿಗೆ ಬಂದಂತೆ ಬಿಡಿಸಿಕೊಳ್ಳಿ. ಅದು ಹಾರ್ಡ್‌ವೇರ್ ಸ್ಪ್ರೈಟ್, ಅಂದರೆ ಬಿಟ್‌ಪ್ಲೇನ್‌ಗಳಿಗೆ ಸೇರದೆ ಬೇರೆಯಾಗಿ ಮೂಡುವ ಚಿತ್ರ. ಅದರ ಮೂರು ಬಣ್ಣ ನಿಮ್ಮ ಎಂಟರ ಲೆಕ್ಕಕ್ಕೆ ಸೇರುವುದಿಲ್ಲ, ವೇಗಕ್ಕೂ ತೊಂದರೆ ಇಲ್ಲ.

ಏನೇ ಪ್ರಯೋಗ ಮಾಡಿದರೂ ಮೊದಲು ಸೇವ್ ಒತ್ತಬೇಡಿ, ಯೂಸ್ ಒತ್ತಿ. ಯೂಸ್ ಒತ್ತಿದರೆ ಬದಲಾವಣೆ ರ‍್ಯಾಮ್‌ನಲ್ಲಿ ಮಾತ್ರ ಇರುತ್ತದೆ, ರೀಬೂಟ್ ಮಾಡಿದರೆ ಹಳೆಯದೇ ವಾಪಸ್. ಇಷ್ಟವಾದದ್ದನ್ನು ಸೇವ್ ಆ್ಯಸ್ ಮಾಡಿ ಪ್ರೀಸೆಟ್ಸ್ ಡ್ರಾಯರ್‌ನಲ್ಲಿಡಿ. ಮಾನಿಟರ್ ತೋರಿಸದ ಮೋಡ್ ಸೇವ್ ಆಗಿ ಸ್ಕ್ರೀನ್ ಕಪ್ಪಾದರೂ ಗಾಬರಿ ಬೇಡ. ಮೌಸಿನ ಎರಡೂ ಬಟನ್ ಒತ್ತಿಹಿಡಿದು ಆನ್ ಮಾಡಿ. ಬರುವ ಮೆನುವಿನಲ್ಲಿ ಸ್ಟಾರ್ಟಪ್-ಸೀಕ್ವೆನ್ಸ್ (ಶುರುವಿನಲ್ಲಿ ತಾನೇ ಓಡುವ ಆದೇಶಗಳ ಪಟ್ಟಿ) ಇಲ್ಲದೆ ಬೂಟ್ ಆಗುವುದನ್ನು ಆರಿಸಿ. ಪ್ರೆಫ್ಸ್ ಒಳಗೆ ಎನ್ವ್-ಆರ್ಕೈವ್, ಅದರೊಳಗೆ ಸಿಸ್ ಅಂತ ಡ್ರಾಯರ್ ಇದೆ. ಅಲ್ಲಿನ ಸ್ಕ್ರೀನ್‌ಮೋಡ್.ಪ್ರೆಫ್ಸ್ ಫೈಲನ್ನು ಡಿಲೀಟ್ ಮಾಡಿ ಮತ್ತೆ ಬೂಟ್ ಮಾಡಿ.

ಅದೇ ಡ್ರಾಯರ್‌ನಲ್ಲಿ ಡೆಫ್ ಅಂತ ಶುರುವಾಗುವ ಐಕಾನ್ ಫೈಲ್‌ಗಳನ್ನೂ ಇಡಬಹುದು. ಸ್ವಂತ ಐಕಾನ್ ಇಲ್ಲದ ಡ್ರಾಯರ್‌ಗೆ, ಪ್ರೋಗ್ರಾಮ್‌ಗೆ ವರ್ಕ್‌ಬೆಂಚ್ ತೋರಿಸುವುದು ಇವನ್ನೇ. ನಿಮಗೆ ಬೇಕಾದ ಚಿತ್ರ ಇಲ್ಲಿ ಇಟ್ಟರೆ ಎಲ್ಲ ಕಡೆ ಒಂದೇ ಸಲ ಬದಲಾಗುತ್ತದೆ.

ಮುಂದೆ ಎಂದಾದರೂ ಫಾಸ್ಟ್ ರ‍್ಯಾಮ್ ಹಾಕಿಸಿದರೆ 16 ಬಣ್ಣ ನೋಡಬಹುದು. ಎಫ್‌ಬ್ಲಿಟ್ ಅನ್ನುವ ಪ್ಯಾಚ್ ಹಾಕಿದರೆ ಹಿನ್ನೆಲೆ ಚಿತ್ರವನ್ನು ಫಾಸ್ಟ್ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳಬಹುದು. ತಮ್ಮ ಬಣ್ಣಗಳನ್ನು ತಾವೇ ಹೊತ್ತು ತರುವ ನ್ಯೂಐಕಾನ್ಸ್ ಕೂಡ ಆಗ ಹಾಕಿ ನೋಡಿ. ಈಗಲೇ ಹಾಕಬೇಡಿ, ಡ್ರಾಯರ್ ತೆರೆಯುವುದು ಇನ್ನಷ್ಟು ನಿಧಾನವಾಗುತ್ತದೆ.