ಹವ್ಯಾಸಿ ನಿಸರ್ಗ ಛಾಯಾಗ್ರಾಹಕನಿಗೆ ಸ್ಫೂರ್ತಿ ಎಲ್ಲಿ ಸಿಗುತ್ತದೆ? ನನಗೆ ಸಿಕ್ಕಿದ್ದು ಮಾಗಡಿ ಕೆರೆಯಲ್ಲಿ

ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯಲೂ ಮನಸ್ಸಾಗುತ್ತಿಲ್ಲ, ಕಬಿನಿ, ಬಂಡೀಪುರಕ್ಕೆ ಮತ್ತೆ ಮತ್ತೆ ಹೋಗುವಷ್ಟು ದುಡ್ಡಿಲ್ಲ, ದಾವಣಗೆರೆಯಲ್ಲಿ ಕೂತು ಏನು ತೆಗೆಯಲಿ, ಲೆನ್ಸ್ ಬದಲಿಸಿದರೆ ಉತ್ಸಾಹ ಬರುತ್ತದೆಯೇ ಎಂದು ಕೇಳಿದ್ದೀರಿ. ಗದಗಿಗೆ ವರ್ಗವಾಗಿ ಬಂದ ಹೊಸತರಲ್ಲಿ ನಾನು ಇದ್ದದ್ದು ಹೀಗೆಯೇ.

ಆಗ ನನ್ನ ಹತ್ತಿರ ಕಂತಿನಲ್ಲಿ ಕೊಂಡ, ದೂರದ್ದನ್ನು ಹತ್ತಿರ ತರುವ 150-600 ಎಂಎಂ ಲೆನ್ಸ್ ಇತ್ತು. ರಾತ್ರಿ ಊಟವಾದ ಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ಬೇರೆಯವರ ಹುಲಿ, ಕರಿಚಿರತೆ ನೋಡುತ್ತ ಮಲಗುತ್ತಿದ್ದೆ. ಸ್ಫೂರ್ತಿಗೆ ಅಂತಲೇ ನೋಡುತ್ತಿದ್ದೆ, ಆದರೆ ಬೆಳಗಾಗುವಷ್ಟರಲ್ಲಿ ಇದ್ದಬದ್ದ ಹುಮ್ಮಸ್ಸೂ ಇಳಿದಿರುತ್ತಿತ್ತು. ಒಮ್ಮೆ ಹೇಗೋ ಹಣ ಹೊಂದಿಸಿ ಕಬಿನಿಗೂ ಹೋದೆ. ಹುಲಿ ಕಂಡಿತು. ಜೀಪುಗಳ ಸಾಲಿನಿಂದ ನಾವೆಲ್ಲ ಒಂದೇ ಕೋನದಲ್ಲಿ ಒಂದೇ ಹುಲಿಯನ್ನು ತೆಗೆದೆವು. ಆ ಪ್ರವಾಸದ ಬಗ್ಗೆ ಹೇಳುವುದು ಇಷ್ಟೇ ಇದೆ.

ಮಾಗಡಿ ಕೆರೆಗೆ ಹೋದದ್ದು ಆಮೇಲೆ. ಇದು ಬೆಂಗಳೂರಿನ ಪಕ್ಕದ ಮಾಗಡಿಯಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನದು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲ ಕಳೆಯಲು ಈ ಕೆರೆಗೆ ಬರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಬೂದು ಬಾತು. ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಜಿಪಿಎಸ್ ಕಟ್ಟಿ ದಾಖಲಿಸಿದ್ದಾರೆ. ಅಷ್ಟು ತೆಳುವಾದ ಗಾಳಿಯಿಂದಲೂ ಆಮ್ಲಜನಕ ಹಿಡಿದುಕೊಳ್ಳುವ ರಕ್ತ ಅವಕ್ಕಿದೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನಾನು ಹೋಗುವಾಗ ಇದಾವುದೂ ನನಗೆ ಗೊತ್ತಿರಲಿಲ್ಲ. ಗದಗಿನಿಂದ ಬೈಕಿನಲ್ಲಿ ಹೋಗಿ ಬರಬಹುದು ಅನ್ನುವುದೊಂದೇ ಕಾರಣ.

ಅಲ್ಲಿ ಮಾಡಿದ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ.

ಒಂದು ಬೆಳಗ್ಗೆ ಏರಿಯ ಹತ್ತಿರಕ್ಕೇ ಒಂದು ಬಾತು ಈಜಿ ಬಂತು. ಎಳೆಬಿಸಿಲು, ಅಲೆಯಿಲ್ಲದ ನೀರು, ಪೂರ್ತಿ ಪ್ರತಿಬಿಂಬ. ಅದುವರೆಗೆ ನಾನು ತೆಗೆದದ್ದರಲ್ಲೆಲ್ಲ ಅದೇ ಚೆಂದದ ಚಿತ್ರ. ಆದರೆ ಬಾತಿನ ಕೊರಳಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಬಿಳಿ ಅಕ್ಷರಗಳು. ನನಗೆ ಅದು ಚಿತ್ರಕ್ಕೆ ಬಿದ್ದ ಕಲೆಯಂತೆ ಕಂಡಿತು. ನಿಸರ್ಗದ ಚಿತ್ರದಲ್ಲಿ ಮನುಷ್ಯನ ಗುರುತು ಇರಬಾರದು ಅಂತ ಎಲ್ಲೋ ಓದಿದ್ದೆ. ಮನೆಗೆ ಬಂದು ಫೋಟೋಶಾಪಿನಲ್ಲಿ ಪಟ್ಟಿಯನ್ನು ಅಳಿಸಿದೆ. ಕೊರಳ ಗರಿಗಳನ್ನು ಮೇಲಿನಿಂದ, ಕೆಳಗಿನಿಂದ ನಕಲು ಮಾಡಿ ಕೂರಿಸಿದೆ. ಪ್ರತಿಬಿಂಬದಲ್ಲೂ ಪಟ್ಟಿ ಇತ್ತು, ಅದನ್ನೂ ಬಿಡಲಿಲ್ಲ. ಅರ್ಧ ರಾತ್ರಿ ಅದಕ್ಕೇ ಹೋಯಿತು. ಆಮೇಲೆ ವೆಬ್‌ಗೆ ಬೇಕಾದಷ್ಟು ಚಿಕ್ಕದಾಗಿ ಒಂದು ಜೆಪೆಗ್ ಮಾಡಿಟ್ಟು, ಹಾರ್ಡ್‌ಡಿಸ್ಕ್ ತುಂಬಿತ್ತು ಅಂತ ಆ ದಿನದ ರಾ ಫೈಲುಗಳನ್ನೆಲ್ಲ, ಅಂದರೆ ಕ್ಯಾಮೆರಾದ ಮೂಲ ಫೈಲುಗಳನ್ನೆಲ್ಲ, ಅಳಿಸಿ ಕಾರ್ಡನ್ನೂ ಫಾರ್ಮ್ಯಾಟ್ ಮಾಡಿದೆ.

ಚಿತ್ರಕ್ಕೆ ಲೈಕುಗಳು ಬಂದವು. ಅದರ ಜೊತೆ, ಲೆಕ್ಕಕ್ಕಿರಲಿ ಅಂತ, ಅದೇ ಬೆಳಗಿನ ಇನ್ನೊಂದು ಹಿಂಡಿನ ಚಿತ್ರವನ್ನೂ ಹಾಕಿದ್ದೆ. ಅದರಲ್ಲಿ ಆ ಬಾತು ದೂರದಲ್ಲಿತ್ತು, ಪಟ್ಟಿ ಅಳಿಸುವುದು ಹೊಳೆದಿರಲಿಲ್ಲ. ವಲಸೆ ಹಕ್ಕಿಗಳ ಅಧ್ಯಯನ ಮಾಡುವವರೊಬ್ಬರು ಅದನ್ನು ನೋಡಿ, ‘ಕೊರಳಪಟ್ಟಿಯ ಮೇಲಿನ ಅಕ್ಷರ ಓದಲು ಬರುವಂಥ ಚಿತ್ರ ಇದೆಯೇ?’ ಎಂದು ಕೇಳಿ ಬರೆದರು.

ನನ್ನ ಬಳಿ ಇರಲಿಲ್ಲ. ಇದ್ದ ಒಂದನ್ನು ನಾನೇ ಅಳಿಸಿದ್ದೆ.

ಅವರಿಂದಲೇ ಉಳಿದದ್ದನ್ನು ತಿಳಿದೆ. ಕಾಲಿಗೆ ಹಾಕುವ ಲೋಹದ ಉಂಗುರದ ಸಂಖ್ಯೆ ಓದಬೇಕಾದರೆ ಸಾಮಾನ್ಯವಾಗಿ ಹಕ್ಕಿಯನ್ನು ಮತ್ತೆ ಹಿಡಿಯಬೇಕು, ಇಲ್ಲವೇ ಅದು ಸತ್ತು ಸಿಗಬೇಕು. ಕೊರಳಪಟ್ಟಿಯನ್ನು ದಂಡೆಯ ಮೇಲೆ ನಿಂತವರು ದೂರದಿಂದಲೇ ಓದಲಿ ಅಂತಲೇ ತೊಡಿಸುತ್ತಾರೆ. ಮಂಗೋಲಿಯಾದಲ್ಲಿ ಇಂಥ ಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಬಳಿಯ ಹದಿನಾರು ಕೆರೆಯಲ್ಲೂ ಕಂಡಿವೆ. ಆ ಎರಡು ಮೂರು ಅಕ್ಷರ ಇದ್ದಿದ್ದರೆ ಹಕ್ಕಿಯನ್ನು ಯಾವ ಸರೋವರದಲ್ಲಿ ಹಿಡಿದಿದ್ದರು, ಯಾವ ವರ್ಷ, ಈ ಮೊದಲು ಯಾರ ಕಣ್ಣಿಗೆ ಬಿದ್ದಿತ್ತು ಎಲ್ಲ ಗೊತ್ತಾಗುತ್ತಿತ್ತು. ಹಿಮಾಲಯದ ಆಚೆ ಯಾರೋ ಬರೆದು ಕಳಿಸಿದ ಕಾಗದ ಮಾಗಡಿಯಲ್ಲಿ ನನ್ನ ಕೈಗೆ ಬಂದಿತ್ತು, ನಾನು ಅಕ್ಷರ ಒರೆಸಿ ಖಾಲಿ ಹಾಳೆಗೆ ಚೌಕಟ್ಟು ಹಾಕಿಸಿದ್ದೆ.

ಸಂಕಟದ ಇನ್ನೊಂದು ಮಾತಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳು ಅನುಸರಿಸುವ ಫಿಯಾಪ್, ಪಿಎಸ್‌ಎ ಎಂಬ ಛಾಯಾಗ್ರಹಣ ಸಂಸ್ಥೆಗಳ ನಿಸರ್ಗ ವಿಭಾಗದ ವ್ಯಾಖ್ಯಾನವನ್ನು ಆಮೇಲೆ ಪೂರ್ತಿ ಓದಿದೆ. ವೈಜ್ಞಾನಿಕ ಪಟ್ಟಿ, ಬಿಲ್ಲೆ, ರೇಡಿಯೊ ಕಾಲರ್ ಚಿತ್ರದಲ್ಲಿ ಇರಬಹುದು ಅಂತ ಅದರಲ್ಲೇ ಇದೆ. ಚಿತ್ರದಲ್ಲಿದ್ದ ವಸ್ತುವನ್ನು ಅಳಿಸುವುದಕ್ಕೇ ಒಪ್ಪಿಗೆಯಿಲ್ಲ. ಇದ್ದ ಹಾಗೆ ಬಿಟ್ಟಿದ್ದರೆ ಸ್ಪರ್ಧೆಗೂ ಸಲ್ಲುತ್ತಿತ್ತು, ವಿಜ್ಞಾನಕ್ಕೂ ಸಲ್ಲುತ್ತಿತ್ತು.

ಆ ಬಾತನ್ನು ಮತ್ತೆ ಹುಡುಕಲೇಬೇಕು ಅನಿಸಿತು. ರಜೆ ಸಿಕ್ಕಾಗಲೆಲ್ಲ ಮಾಗಡಿಗೆ ಹೋಗಿ ಹಿಂಡಿನ ಒಂದೊಂದೇ ಕೊರಳು ನೋಡುತ್ತ ಕೂತೆ. ಪಟ್ಟಿಯ ಬಾತು ಸಿಗಲಿಲ್ಲ. ಆದರೆ ಹಾಗೆ ಒಂದೊಂದನ್ನೂ ನೋಡತೊಡಗಿದ ಮೇಲೆ ಹಿಂಡು ಹಿಂಡಾಗಿ ಉಳಿಯಲಿಲ್ಲ. ತಲೆಯ ಮೇಲೆ ಪಟ್ಟೆ ಸರಿಯಾಗಿ ಮೂಡದವು ಆ ವರ್ಷದ ಮರಿಗಳು ಅಂತ ತಿಳಿಯಿತು. ಮರಿಗಳು ಅಪ್ಪ ಅಮ್ಮನ ಜೊತೆಗೇ ಬಂದಿವೆ, ಈಜುವಾಗ ನಡುವೆ ಇರುತ್ತವೆ ಅಂತ ಕಂಡಿತು. ಹಗಲೆಲ್ಲ ಇವು ನೀರಿನಲ್ಲಿ ಸುಮ್ಮನಿರುತ್ತವಲ್ಲ, ತಿನ್ನುವುದು ಯಾವಾಗ ಎಂಬ ಪ್ರಶ್ನೆ ಹುಟ್ಟಿತು. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜನನ್ನು ಕೇಳಿದೆ. ‘ರಾತ್ರಿ ಹೊಲದಾಗ ಇರ್ತಾವ್ರಿ, ಬೆಳಕ ಹರಿಯೂದ್ರಾಗ ಕೆರಿಗೆ ಬರ್ತಾವು’ ಅಂದರು. ಮುಂದಿನ ಸಲ ಕತ್ತಲಿರುವಾಗಲೇ ಹೋದೆ, ಕೆರೆಗಲ್ಲ, ಕಡಲೆ ಹೊಲಕ್ಕೆ. ಎರೆಮಣ್ಣಿನ ಹಸಿಯಲ್ಲಿ ಜಾಲಪಾದದ ಗುರುತು, ಕಿತ್ತು ತಿಂದ ಗಿಡ, ಹಿಕ್ಕೆ. ಹಿಮಾಲಯ ದಾಟಿ ಬಂದ ಹಕ್ಕಿ ಶಿರಹಟ್ಟಿಯ ರೈತನ ಪಸಲಿನ ಮೇಲೆ ಬದುಕುತ್ತದೆ, ಆ ರೈತನಿಗೆ ನಷ್ಟವೂ ಆಗುತ್ತದೆ. ಇದನ್ನು ಚಿತ್ರದಲ್ಲಿ ಹೇಳುವುದು ಹೇಗೆ ಅಂತ ಯೋಚಿಸುತ್ತ ಬೈಕಿನಲ್ಲಿ ವಾಪಸ್ ಬಂದೆ. ಸ್ಫೂರ್ತಿ ಬಂದಿದೆಯೋ ಇಲ್ಲವೋ ಅನ್ನುವ ವಿಚಾರ ಆಮೇಲೆ ನನ್ನ ತಲೆಗೆ ಬಂದದ್ದೇ ಇಲ್ಲ.

ಹಾಗಾಗಿ ಸ್ಫೂರ್ತಿ ಎಲ್ಲಿ ಸಿಗುತ್ತದೆ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎದುರಿಗಿರುವ ಜೀವಿಯ ಬಗ್ಗೆ ನಿಮಗೆ ಒಂದೂ ಪ್ರಶ್ನೆ ಇಲ್ಲದಿರುವುದೇ ಬೇಸರದ ಕಾರಣ. ಬೇರೆಯವರ ಚಿತ್ರ ನೋಡುವುದನ್ನು ಈ ಚಳಿಗಾಲ ಮುಗಿಯುವ ತನಕ ನಿಲ್ಲಿಸಿ. ಕೆಲವರು ಒಳ್ಳೆಯ ಚಿತ್ರ ನೋಡಿ ಕಲಿಯಿರಿ ಅನ್ನುತ್ತಾರೆ. ಕಲಿಯಬಹುದು, ಈಗಿನ ನಿಮ್ಮ ಸ್ಥಿತಿಯಲ್ಲಿ ಬೇಡ. ನಿಮ್ಮೂರಲ್ಲೇ ಕುಂದವಾಡ ಕೆರೆ ಇದೆ, ಅದೊಂದನ್ನೇ ಹಿಡಿದುಕೊಳ್ಳಿ. ಹೋದಾಗಲೆಲ್ಲ ತಾರೀಖು, ಹೊತ್ತು, ಯಾವ ಹಕ್ಕಿ ಏನು ಮಾಡುತ್ತಿತ್ತು ಬರೆದಿಡಿ, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇಬರ್ಡ್‌ಗೂ ಹಾಕಿ. ಕೆರೆಗೆ ಹೋಗಲಾಗದ ದಿನ ಮನೆಯ ಕರಿಬೇವಿನ ಗಿಡದ ಎಲೆಗಳನ್ನು ನೋಡಿ. ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಇದ್ದರೆ ಅದು ನಿಂಬೆ ಚಿಟ್ಟೆಯದೋ ಮಾರ್ಮನ್ ಚಿಟ್ಟೆಯದೋ ಮರಿ. ದೊಡ್ಡದಾದಂತೆ ಎಲೆಯ ಹಸಿರಿಗೆ ತಿರುಗುತ್ತದೆ, ಕೆಣಕಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ನಾತ ಬಿಡುತ್ತದೆ. ಕೆಣಕಬೇಡಿ, ಕಾದರೆ ಇರುವೆಯೋ ಕಣಜವೋ ಬಂದಾಗ ತಾನೇ ಚಾಚುತ್ತದೆ. ಆ ಕ್ಷಣದ ಚಿತ್ರ ನನಗಿನ್ನೂ ಸಿಕ್ಕಿಲ್ಲ.

ಮೂಲ ಫೈಲುಗಳನ್ನು ಮಾತ್ರ ಅಳಿಸಬೇಡಿ. ಕೆಟ್ಟ ಚಿತ್ರ ಅಂತ ಈಗ ಅನ್ನಿಸಿದ್ದರಲ್ಲಿ ಏನಿದೆ ಅಂತ ನಿಮಗೆ ಇಂದೇ ತಿಳಿಯುವುದಿಲ್ಲ. ಪಟ್ಟಿಯೋ ಉಂಗುರವೋ ಇರುವ ಹಕ್ಕಿ ಕಂಡರೆ ಚೆಂದ ಪಕ್ಕಕ್ಕಿಟ್ಟು ಮೊದಲು ಅಕ್ಷರ ಓದಲು ಬರುವಂತೆ ತೆಗೆಯಿರಿ. ಬಣ್ಣ, ಅಕ್ಷರ, ಜಾಗ, ದಿನ ಬರೆದು ಮುಂಬೈಯ ನಿಸರ್ಗ ಅಧ್ಯಯನ ಸಂಸ್ಥೆ ಬಿಎನ್‌ಎಚ್‌ಎಸ್‌ಗೆ ಕಳಿಸಿ, ನಮ್ಮ ದೇಶದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದವರು ಅವರು.

ಇನ್ನು ಲೆನ್ಸ್. ನಿಮ್ಮ ಹತ್ತಿರ 55-250 ಇದೆ ಅಂದಿದ್ದೀರಿ, ಅದೇ ಇರಲಿ. ಬಾತಿನ ಕಣ್ಣನ್ನು ಚೌಕಟ್ಟಿನ ತುಂಬ ತರಲು ಅದು ಸಾಲದು, ಆದರೆ ಬಾತು, ಅದರ ಹಿಂದಿನ ಕೆರೆ, ಏರಿಯಾಚೆಯ ಹೊಲ ಮೂರೂ ಒಂದೇ ಚೌಕಟ್ಟಿನಲ್ಲಿ ಬರಬೇಕಾದರೆ ಅದೇ ಸರಿ. ಲೆನ್ಸಿನ ಕಿಂಡಿ ಕಿರಿದಾಗುವಂತೆ ಎಫ್/11ಕ್ಕೆ ಇಟ್ಟುಕೊಂಡು ತೆಗೆಯಿರಿ, ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಬರುತ್ತದೆ. ನನ್ನ 600ರಲ್ಲಿ ಹಿನ್ನೆಲೆಯೆಲ್ಲ ಕರಗಿಹೋಗುತ್ತದೆ, ಹೊಲಕ್ಕೆ ಹೋಗುವಾಗ ಈಗ ನಾನೂ ಒಬ್ಬ ಗೆಳೆಯನ ಹಳೆಯ 55-250 ಕೇಳಿ ಒಯ್ಯುತ್ತೇನೆ.