ಆನ್‌ಲೈನ್ ಜಗಳ ನೋಡಿ ನೋಡಿ ಸಾಕಾಗಿದೆ, ಪೂರ್ತಿ ಬಿಟ್ಟುಬಿಡಲಾ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. "ಫೋನ್ ತೆಗೆದರೆ ದಿನಾ ಜಗಳ, ಬೈಗುಳ. ಕನ್ನಡದ ಮೇಲಿನ ಪ್ರೀತಿಯಿಂದ ಹತ್ತು ವರ್ಷ ಬರೆದೆ. ಈಗ ಮೈಯಲ್ಲಿ ಶಕ್ತಿಯೇ ಇಲ್ಲ. ಪೂರ್ತಿ ಬಿಟ್ಟರೆ ಅನ್ಯಾಯ ಕಂಡೂ ಬಾಯಿ ಮುಚ್ಚಿಕೊಂಡ ಹಾಗೆ ಆಗುವುದಿಲ್ಲವೇ?" ಎಂದು ಕೇಳಿದ್ದೀರಿ. 2019ರಲ್ಲಿ ನಾನು ನನ್ನನ್ನೇ ಇದನ್ನು ಕೇಳಿಕೊಂಡಿದ್ದೆ.

ಕೆಲವು ತಿಂಗಳು ಬಿಡಿ. ಖಂಡಿತ ಬಿಡಿ. ಸಿಟ್ಟನ್ನು ಮಾತ್ರ ಬಿಡಬೇಡಿ, ಅದು ಬೇಕು. ಯಾಕೆ ಹೀಗೆ ಹೇಳುತ್ತೇನೆ ಎಂದು ತಿಳಿಯಬೇಕಾದರೆ ನನ್ನ ಕಥೆ ಕೇಳಬೇಕು.

ನಾನು ಹಾಸನ ಜಿಲ್ಲೆಯವಳು. ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬರಹ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದ ಕಾಲದಿಂದಲೂ ಹಳೆಯ ಪದಗಳ ಬಗ್ಗೆ ಬರೆಯುವ ಹುಚ್ಚು ನನಗೆ. ರಾಗಿ ಕಣದ ಪದಗಳು, ಅಡುಗೆಮನೆಯ ಪದಗಳು, ಮಳೆ ನಕ್ಷತ್ರದ ಗಾದೆಗಳು, ಹೀಗೆ. ಓದುತ್ತಿದ್ದವರು ಮೂವತ್ತೋ ನಲವತ್ತೋ ಜನ. ಒಮ್ಮೆ 'ಮೆದೆ' ಬಗ್ಗೆ ಬರೆದೆ. ಹುಲ್ಲು ಒಟ್ಟಿದ ರಾಶಿಗೆ ನಮ್ಮಲ್ಲಿ ಮೆದೆ ಅಂತಾರೆ. ಧಾರವಾಡದ ಒಬ್ಬರು "ನಮ್ಮ ಕಡೆ ಬಣವಿ" ಎಂದರು. ಇನ್ನೊಬ್ಬರು ತಮ್ಮ ಅಜ್ಜ ಬಣವೆ ಒಟ್ಟುವಾಗ ಹೇಳುತ್ತಿದ್ದ ಮಾತು ನೆನಪಿಸಿಕೊಂಡರು. ಮಳೆ ನೀರು ಒಳಗೆ ಇಳಿಯದ ಹಾಗೆ ಅದರ ತಲೆ ಹೇಗೆ ಕಟ್ಟಬೇಕು ಎನ್ನುವುದರ ಮೇಲೆ ಮೂರು ದಿನ ಮಾತು ನಡೆಯಿತು. ಒಬ್ಬರೂ ಇನ್ನೊಬ್ಬರನ್ನು ಬೈಯಲಿಲ್ಲ. ಆ ಮೂರು ದಿನ ನನಗೆ ಈಗಲೂ ನೆನಪಿದೆ.

2016ರ ಕೊನೆಗೆ ಇಂಟರ್‌ನೆಟ್ ಅಗ್ಗವಾಯಿತು. ಜನ ಜಾಸ್ತಿಯಾದರು. ಅದು ಒಳ್ಳೆಯದೇ. ನನ್ನ ವಿದ್ಯಾರ್ಥಿಗಳ ತಾಯಂದಿರೂ ಓದತೊಡಗಿದರು. ತೊಂದರೆ ಶುರುವಾದದ್ದು ಬೇರೆ ಕಡೆಯಿಂದ.

2019ರಲ್ಲಿ ಪಕ್ಕದ ಮನೆ ಅಜ್ಜಿಯ ಜೊತೆ ಒಂದು ಬ್ಯಾಂಕಿಗೆ ಹೋಗಿದ್ದೆ. ಹಣ ತೆಗೆಯುವ ಚೀಟಿಯಲ್ಲಿ ಇಂಗ್ಲಿಷ್, ಹಿಂದಿ ಮಾತ್ರ. ಕನ್ನಡದ ಒಂದು ಅಕ್ಷರವೂ ಇಲ್ಲ. ಕೌಂಟರಿನಲ್ಲಿ ಹೊರ ರಾಜ್ಯದ ಹುಡುಗನೊಬ್ಬ ಕೂತಿದ್ದ. ನಾನು ಕೇಳಿದ್ದಕ್ಕೆ ಹಿಂದಿಯಲ್ಲಿ ಏನೋ ಗಡುಸಾಗಿ ಹೇಳಿದ. ನನಗೆ ಉರಿದುಹೋಯಿತು. ಚೀಟಿಯ ಫೋಟೋ ತೆಗೆದೆ, ಅವನ ಮುಖವೂ ಬರುವ ಹಾಗೆ ಕೌಂಟರಿನ ಫೋಟೋ ತೆಗೆದೆ. ಮನೆಗೆ ಬಂದು ನಾಲ್ಕು ಸಾಲು ಬರೆದು ಫೇಸ್‌ಬುಕ್‌ಗೆ ಹಾಕಿದೆ.

ಸಂಜೆ ಹೊತ್ತಿಗೆ ಸಾವಿರಾರು ಜನ ಅದನ್ನು ಹಂಚಿದ್ದರು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಇಷ್ಟು ವರ್ಷ ಬರೆದದ್ದಕ್ಕೆ ಕೊನೆಗೂ ಬೆಲೆ ಬಂತು ಅನ್ನಿಸಿತು. ಮರುದಿನ ಶಾಖೆಯ ಮುಂದೆ ಜನ ಸೇರಿದರು. ಯಾರೋ ಆ ಹುಡುಗನ ಖಾತೆ ಹುಡುಕಿ ಅವನ ಮನೆಯವರ ಫೋಟೋಗಳನ್ನು ಹೊರಗೆ ತಂದರು. ಅವನ ತಂಗಿಯ ಫೋಟೋದ ಕೆಳಗೆ ಬರೆದದ್ದನ್ನು ನಾನು ಇಲ್ಲಿ ಬರೆಯಲಾರೆ. ಬರೆದವರೆಲ್ಲ ನನ್ನ ಪರವಾಗಿ ಬಂದವರು. ಹತ್ತು ದಿನದಲ್ಲಿ ಅವನಿಗೆ ಬೇರೆ ಊರಿಗೆ ವರ್ಗವಾಯಿತು.

ಮುಂದಿನ ತಿಂಗಳು ಅಜ್ಜಿಯ ಜೊತೆ ಮತ್ತೆ ಹೋದೆ. ಅದೇ ಚೀಟಿ. ಇಂಗ್ಲಿಷ್, ಹಿಂದಿ. ಅಜ್ಜಿ ಸುತ್ತಲೂ ನೋಡಿ, "ಆ ಹುಡುಗ ಎಲ್ಲವ್ವಾ? ಪ್ರತಿ ಸಲ ಅವನೇ ನಂಗೆ ಚೀಟಿ ಬರ್ಕೊಡ್ತಿದ್ದ" ಎಂದರು.

ನಾನು ಪೋಸ್ಟ್ ಅಳಿಸಿದೆ. ಮುಖ ತೋರಿಸಿದ್ದು ತಪ್ಪು, ಕ್ಷಮಿಸಿ ಎಂದು ಬರೆದೆ. ಹಿಂದಿನ ದಿನದವರೆಗೆ 'ತಾಯಿ' ಎಂದವರು ದ್ರೋಹಿ ಎಂದರು. ಆ ಹುಡುಗನ ಪರ ಇದ್ದವರಂತೂ ಮೊದಲಿನಿಂದಲೂ ಬೈಯುತ್ತಲೇ ಇದ್ದರು. ಹೆಂಗಸು ಎನ್ನುವ ಕಾರಣಕ್ಕೆ ಬಂದ ಮಾತುಗಳೇ ಬೇರೆ. (ನಿಮಗೂ ಬೆದರಿಕೆ ಬಂದರೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸೆನ್ (ಸಿಇಎನ್) ಪೊಲೀಸ್ ಠಾಣೆಗೆ ದೂರು ಕೊಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಇದನ್ನು ಸಹಿಸಿಕೊಂಡು ಕೂರಬೇಕಾಗಿಲ್ಲ.)

ಆದರೆ ನನ್ನನ್ನು ನಿಲ್ಲಿಸಿದ್ದು ಆ ಬೈಗುಳ ಅಲ್ಲ. ಒಂದು ದಿನ ತರಗತಿಯಲ್ಲಿ ಹುಡುಗಿಯೊಬ್ಬಳು 'ಹಾಸನ' ಎನ್ನುವುದನ್ನು 'ಆಸನ' ಎಂದು ಬರೆದಿದ್ದಳು. ನಮ್ಮ ಕಡೆ ಮನೆಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ, ಮಕ್ಕಳು ಹಾಗೆ ಬರೆಯುವುದು ಸಹಜ. ಇಪ್ಪತ್ತು ವರ್ಷದಿಂದ ಅದನ್ನು ನಗುತ್ತಾ ತಿದ್ದಿದವಳು ನಾನು. ಅವತ್ತು ಎಲ್ಲರ ಮುಂದೆ ಅವಳನ್ನು ಎಬ್ಬಿಸಿ ನಿಲ್ಲಿಸಿ ಹೀಯಾಳಿಸಿದೆ. ಆನ್‌ಲೈನ್‌ನಲ್ಲಿ ಜನ ಯಾವ ಮಾತಿನಲ್ಲಿ ಹೀಯಾಳಿಸುತ್ತಾರೋ ಅದೇ ಮಾತು, ಅದೇ ಧಾಟಿ. ಅವಳ ಕಣ್ಣಲ್ಲಿ ನೀರು ಬಂತು. ಆ ಮಗು ಮೂರು ದಿನ ಕಾಲೇಜಿಗೆ ಬರಲಿಲ್ಲ. ಅವತ್ತೇ ರಾತ್ರಿ ಫೋನಿನಿಂದ ಎಲ್ಲ ಆಪ್ ತೆಗೆದುಹಾಕಿದೆ.

ಎಂಟು ತಿಂಗಳು ಹತ್ತಿರ ಹೋಗಲಿಲ್ಲ. ಮೊದಲ ಮೂರು ವಾರ ಕಷ್ಟ. ಕೈ ತಾನಾಗಿಯೇ ಫೋನಿಗೆ ಹೋಗುತ್ತಿತ್ತು. ಆಮೇಲೆ ನಿದ್ದೆ ಬಂತು.

ಆ ಬಿಡುವಿನ ನಂತರ ನಾನು ಒಂದಿಷ್ಟು ಓದಿದೆ. ನಮಗೆ ಆಗುತ್ತಿರುವುದೇನು ಎಂದು ತಿಳಿಯಬೇಕಿತ್ತು. ಯಾವ ಬರಹವನ್ನು ಹೆಚ್ಚು ಜನರಿಗೆ ತೋರಿಸಬೇಕು ಎನ್ನುವುದಕ್ಕೆ ಫೇಸ್‌ಬುಕ್ 2017ರಲ್ಲಿ ಒಂದು ಲೆಕ್ಕ ಜಾರಿಗೆ ತಂದಿತ್ತು. ಯಾರಾದರೂ ಲೈಕ್ ಒತ್ತಿದರೆ ಒಂದು ಅಂಕ, ಸಿಟ್ಟಿನ ಕೆಂಪು ಮುಖದ ಎಮೋಜಿ ಒತ್ತಿದರೆ 5 ಅಂಕ. ಪ್ರೀತಿಯ ಮುಖಕ್ಕೂ ಅಷ್ಟೇ ಅಂಕ ಇತ್ತು, ನಿಜ. ಆದರೆ ಸಿಟ್ಟು ಬರಿಸುವ ಬರಹ ಹೆಚ್ಚು ಜನರಿಗೆ ತಲುಪಿತು. ಆ ಮುಖ ಜಾಸ್ತಿ ಬೀಳುವ ಬರಹಗಳಲ್ಲಿ ಸುಳ್ಳು, ದ್ವೇಷ ಹೆಚ್ಚು ಎಂದು ಕಂಪನಿಯ ಒಳಗಿನವರೇ ಕಂಡುಕೊಂಡರು. 2020ರಲ್ಲಿ ಅದರ ಅಂಕ ಸೊನ್ನೆ ಮಾಡಿದರು. ಈ ವಿಷಯ ಹೊರಗೆ ಬಂದದ್ದು 2021ರಲ್ಲಿ, ಒಳಗಿನ ಕಾಗದಗಳು ಬಯಲಾದಾಗ. ಇದನ್ನು ಓದಿದ ದಿನ ನನ್ನ ಬ್ಯಾಂಕಿನ ಪೋಸ್ಟ್ ನೆನಪಾಯಿತು. ಅದರ ಕೆಳಗೆ ಬರೀ ಕೆಂಪು ಮುಖಗಳೇ ಇದ್ದವು. ನನ್ನ ಮಾತಿಗೆ ಬೆಲೆ ಬಂತು ಎಂದು ನಾನು ತಿಳಿದಿದ್ದೆ. ಒಂದೊಂದು ಕೆಂಪು ಮುಖಕ್ಕೂ ಲೈಕಿಗಿಂತ ಹಲವು ಪಟ್ಟು ಅಂಕ ಬಿದ್ದು, ಪೋಸ್ಟ್ ಅಷ್ಟು ದೂರ ಓಡಿತ್ತು.

ಅದೇ 2017ರಲ್ಲಿ ಅಮೆರಿಕದ ಸಂಶೋಧಕರು ಲಕ್ಷಗಟ್ಟಲೆ ಟ್ವೀಟ್‌ಗಳನ್ನು ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಬಂದೂಕು ನಿಯಂತ್ರಣ, ಸಲಿಂಗ ಮದುವೆ, ಹವಾಮಾನ ಬದಲಾವಣೆ, ಈ ಮೂರು ವಿಷಯದ ಟ್ವೀಟ್‌ಗಳು. ಸರಿ–ತಪ್ಪಿನ ತೀರ್ಪು ಮತ್ತು ಭಾವನೆ ಎರಡೂ ಬೆರೆತ ಪದ, ಅಂದರೆ ನಮ್ಮಲ್ಲಿ 'ದ್ರೋಹ', 'ನಾಚಿಕೆಗೇಡು' ಎನ್ನುವಂಥ ಪದ, ಒಂದು ಜಾಸ್ತಿಯಾದರೆ ಹಂಚಿಕೆ ಸುಮಾರು 20% ಏರುತ್ತಿತ್ತು. ನನಗೆ ಹೆಚ್ಚು ತಟ್ಟಿದ್ದು ಅದರ ಇನ್ನೊಂದು ಭಾಗ. ಅಂಥ ಟ್ವೀಟ್‌ಗಳು ಹೆಚ್ಚಾಗಿ ತಮ್ಮದೇ ಗುಂಪಿನ ಒಳಗೆ ಸುತ್ತುತ್ತಿದ್ದವು. ಆಚೆ ಗುಂಪಿಗೆ ದಾಟುತ್ತಿದ್ದದ್ದು ಕಡಿಮೆ. ಗಂಟಲು ಹರಿಯುವ ಹಾಗೆ ನಾವು ಕೂಗಿದ್ದು ನಮ್ಮವರಿಗೇ ಕೇಳಿಸಿತ್ತು. ಸುಸ್ತಾಗದೆ ಇರುತ್ತದೆಯೇ?

ಹಾಗಾದರೆ ಸಿಟ್ಟು ದಂಡವೇ ಅಂದರೆ, ಇಲ್ಲ. ಇಲ್ಲೇ ನಿಮ್ಮ ಪ್ರಶ್ನೆಯ ಎರಡನೇ ಅರ್ಧಕ್ಕೆ ಬರುತ್ತೇನೆ.

2021ರ ಜೂನ್ ನೆನಪಿದೆ ಅಲ್ವಾ? ಭಾರತದ ಅತಿ ಕುರೂಪಿ ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಹುಡುಕಿದರೆ ಕನ್ನಡ ಎಂದು ತೋರಿಸುತ್ತಿತ್ತು. ಎಲ್ಲರಿಗೂ ಸಿಟ್ಟು ಬಂತು, ನನಗೂ ಬಂತು. ಸರ್ಕಾರವೂ ಕಾನೂನು ಕ್ರಮದ ಮಾತು ಆಡಿತು. ಗೂಗಲ್ ಆ ಉತ್ತರ ತೆಗೆದುಹಾಕಿ ಕ್ಷಮೆ ಕೇಳಿತು. ಅಲ್ಲಿಗೆ ಮುಗಿಯಿತು. ಆ ಸಿಟ್ಟಿನಿಂದ ಯಾರಿಗೂ ಸುಸ್ತಾಗಲಿಲ್ಲ. ಯಾರಿಗೆ ಹೇಳಬೇಕು ಎನ್ನುವುದು ಗೊತ್ತಿತ್ತು, ಏನು ಆಗಬೇಕು ಎನ್ನುವುದೂ ಗೊತ್ತಿತ್ತು. ಆದ ಮೇಲೆ ನಾವು ಮನೆಗೆ ಹೋಗಬಹುದಿತ್ತು.

ನನ್ನ ತಂದೆ 1982ರಲ್ಲಿ ಗೋಕಾಕ್ ಚಳವಳಿಯ ಮೆರವಣಿಗೆಗಳಿಗೆ ಹೋದವರು. ವಿ. ಕೃ. ಗೋಕಾಕರ ಸಮಿತಿಯ ವರದಿ ಜಾರಿಯಾಗಬೇಕು, ಶಾಲೆಯಲ್ಲಿ ಕನ್ನಡ ಮೊದಲ ಭಾಷೆಯಾಗಬೇಕು. ಬೇಡಿಕೆ ಅದು. ಡಾ. ರಾಜ್‌ಕುಮಾರ್ ಬಂದ ಮೇಲೆ ಜನಸಾಗರ ಸೇರಿತು. ನಾನು ಆಪ್ ತೆಗೆದುಹಾಕಿದ ದಿನಗಳಲ್ಲಿ ಅಪ್ಪನನ್ನು ಕೇಳಿದೆ, "ಅಷ್ಟು ಸಿಟ್ಟಿಟ್ಟುಕೊಂಡು ನಿಮಗೆ ಸಾಕಾಗ್ತಿರಲಿಲ್ವಾ?" ಅವರು ಹೇಳಿದರು, "ಸಾಕಾಗೋಕೆ ಏನಿತ್ತಮ್ಮ? ಮೆರವಣಿಗೆ ಮುಗೀತಿತ್ತು. ಮನೆಗೆ ಬಂದು ಮುದ್ದೆ ಉಂಡು ಮಲಗ್ತಿದ್ವಿ." ನಮ್ಮ ಫೋನಿನಲ್ಲಿ ಮೆರವಣಿಗೆ ಮುಗಿಯುವುದೇ ಇಲ್ಲ. ಬೆಳಿಗ್ಗೆ ಒಂದಕ್ಕೆ ಸಿಟ್ಟು, ಮಧ್ಯಾಹ್ನ ಇನ್ನೊಂದಕ್ಕೆ, ರಾತ್ರಿ ಮತ್ತೊಂದಕ್ಕೆ. ಬೆಳಿಗ್ಗೆಯದು ಏನಾಯಿತು ಎಂದು ಸಂಜೆ ಯಾರೂ ಕೇಳುವುದಿಲ್ಲ.

2022ರಲ್ಲಿ ನಾನು ಆ ಬ್ಯಾಂಕಿನ ಚೀಟಿಯ ವಿಷಯವನ್ನು ಮತ್ತೆ ಕೈಗೆತ್ತಿಕೊಂಡೆ. ಈ ಸಲ ಫೋಟೋ ಇಲ್ಲ, ಪೋಸ್ಟ್ ಇಲ್ಲ. ಗ್ರಾಹಕರು ಬಳಸುವ ಅರ್ಜಿ, ಚಲನ್, ಪಾಸ್‌ಬುಕ್ ಎಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆ, ಮೂರರಲ್ಲೂ ಇರಬೇಕು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. 2019ರಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಆ ಹುಡುಗನನ್ನು ಬೈಯುತ್ತಿದ್ದೆನೇ? ಚೀಟಿ ಅಚ್ಚು ಹಾಕಿಸುವುದು ಕೌಂಟರಿನಲ್ಲಿ ಕೂತವರ ಕೈಯಲ್ಲಿ ಇರುವುದಿಲ್ಲ. ಮ್ಯಾನೇಜರ್ ಹೆಸರಿಗೆ ಒಂದು ಪುಟದ ಪತ್ರ ಬರೆದು, ಕೊಟ್ಟಿದ್ದಕ್ಕೆ ಸಹಿ, ಸೀಲು ಹಾಕಿಸಿಕೊಂಡೆ. ಉತ್ತರ ಬರಲಿಲ್ಲ. ಎರಡನೇ ಪತ್ರವನ್ನು ಮೇಲಿನ ಕಚೇರಿಗೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ದೂರು ಕೊಡುವ ದಾರಿ ಇದೆ. 2021ರ ನವೆಂಬರ್‌ನಲ್ಲಿ ಬ್ಯಾಂಕು, ಬ್ಯಾಂಕೇತರ ಹಣಕಾಸು ಸಂಸ್ಥೆ, ಡಿಜಿಟಲ್ ಪಾವತಿ, ಈ ಮೂರರ ದೂರು ವ್ಯವಸ್ಥೆಗಳನ್ನೂ ಸೇರಿಸಿ ಒಂದೇ ಮಾಡಿದರು, ಆನ್‌ಲೈನ್‌ನಲ್ಲೇ ದೂರು ಸಲ್ಲಿಸಬಹುದು. ವಿಚಾರಿಸಲು 14448ಕ್ಕೆ ಕರೆ ಮಾಡಬಹುದು. ನನಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ. ನಾಲ್ಕು ತಿಂಗಳಲ್ಲಿ ಮೂರು ಭಾಷೆಯ ಚೀಟಿ ಬಂತು. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು 'ಖಾತೆ ಸಂಖ್ಯೆ' ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಈ ಕೆಲಸಕ್ಕೆ ನಾನು ಕಳೆದದ್ದು ಒಟ್ಟು ಆರೇಳು ಗಂಟೆ. ಮೊದಲಿನ ಪೋಸ್ಟಿನ ಜಗಳದಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಒಂದೇ ದಿನದಲ್ಲಿ ಕಳೆದಿದ್ದೆ.

ಆ ಹುಡುಗನ ವಿಳಾಸ ಹುಡುಕಿ ಕ್ಷಮೆ ಕೇಳಿ ಪತ್ರ ಬರೆದೆ. ಉತ್ತರ ಬಂದಿಲ್ಲ. ಬರಬೇಕು ಎಂದು ಕೇಳುವ ಹಕ್ಕು ನನಗಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು.

ಈಗ ನಾನು ಮತ್ತೆ ಬರೆಯುತ್ತೇನೆ, ವಾರಕ್ಕೆ ಒಂದು ದಿನ. ನೋಟಿಫಿಕೇಶನ್ ಎಲ್ಲ ಬಂದ್. ಸಿಟ್ಟು ಬಂದ ದಿನ ಏನೂ ಹಾಕುವುದಿಲ್ಲ. ಯಾವುದೇ ಗಲಾಟೆ ಕಣ್ಣಿಗೆ ಬಿದ್ದರೆ, ಇದನ್ನು ಯಾರಿಗೆ ಹೇಳಬೇಕು, ಅವರಿಂದ ಏನು ಆಗಬೇಕು ಎಂದು ಯೋಚಿಸುತ್ತೇನೆ. ಎರಡಕ್ಕೂ ಉತ್ತರ ಸಿಕ್ಕರೆ ಪತ್ರ ಬರೆಯುತ್ತೇನೆ. ಸಿಗದಿದ್ದರೆ ಮುಂದೆ ಹೋಗುತ್ತೇನೆ. ಮುಂದೆ ಹೋಗುವಾಗ ಮನಸ್ಸು ಚುಚ್ಚುತ್ತದೆ, ಅದು ನಿಮಗೂ ಆಗುತ್ತದೆ. ಒಬ್ಬ ಮನುಷ್ಯ ಒಂದು ದಿನಕ್ಕೆ ಇಡೀ ರಾಜ್ಯದ ಅನ್ಯಾಯ ಹೊರಲು ಆಗುವುದಿಲ್ಲ. ಕೆಳಗಿನ ನೌಕರರ ಮುಖ, ಹೆಸರು ಮಾತ್ರ ಯಾವತ್ತೂ ಹಾಕುವುದಿಲ್ಲ. ನೀವೂ ಹಾಕಬೇಡಿ, ದಯವಿಟ್ಟು.

ನೀವು ಹತ್ತು ವರ್ಷ ಬರೆದದ್ದರಲ್ಲಿ ಜಗಳ ಅಲ್ಲದ ಬರಹಗಳೂ ಇರುತ್ತವೆ. ಬಿಡುವು ಮುಗಿಸಿ ಬಂದಾಗ ಅವುಗಳಿಂದ ಶುರು ಮಾಡಿ. ಓದುವವರು ಕಡಿಮೆಯಾಗುತ್ತಾರೆ. ನನಗೂ ಆದರು. ಹೋದ ವಾರ 'ತೂರುವುದು' ಬಗ್ಗೆ ಬರೆದೆ, ಮೊರದಲ್ಲಿ ರಾಗಿ ಹಿಡಿದು ಗಾಳಿಗೆ ಎತ್ತಿ ಸುರಿಯುವುದು. ಹನ್ನೊಂದು ಜನ ಓದಿದ್ದಾರೆ. ಕೊಪ್ಪಳದ ಒಬ್ಬರು, ಗಾಳಿ ಬೀಸದ ದಿನ ಅವರ ಊರಿನಲ್ಲಿ ಏನು ಮಾಡುತ್ತಿದ್ದರು ಎಂದು ಬರೆಯಲು ಶುರು ಮಾಡಿ, ಅಮ್ಮನನ್ನು ಕೇಳಿ ಉಳಿದದ್ದು ತಿಳಿಸುತ್ತೇನೆ ಎಂದಿದ್ದಾರೆ. ನಾನು ಕಾಯುತ್ತಿದ್ದೇನೆ.

ಆ ಬ್ಯಾಂಕಿನ ಪತ್ರದ ನಕಲು ನನ್ನ ಹತ್ತಿರ ಇದೆ. ಬೇಕಿದ್ದರೆ ಕೇಳಿ, ಕಳಿಸುತ್ತೇನೆ.